ಬೆಸುಗೆಯ ಬಂಡಿ

‘ಬೆಸುಗೆ’ ಎಂದ ಕೂಡಲೆ ನಮ್ಮ ಮಂಡಳದ ಕವಿಮಿತ್ರರ ಕಣ್ಣು ಅರ್ಧ ಮುಚ್ಚುತ್ತವೆ. ಎರಡು ಮನಸ್ಸುಗಳ ಬೆಸುಗೆ, ಜನ್ಮಜನ್ಮದ ಬೆಸುಗೆ, ಇತ್ಯಾದಿ. 1976ರಲ್ಲಿ ಈ ಹೆಸರಿನ ಚಲನಚಿತ್ರವೇ ಬಂದಿದೆ. ನಾನು ಬರೆಯಹೊರಟದ್ದು ಮಾತ್ರ ಎರಡು ಕಬ್ಬಿಣದ ತುಂಡುಗಳ ಬೆಸುಗೆ. ವಾಣಿಜ್ಯ ಓದುವ ಹುಡುಗನಿಗೆ ಈ ಉಸಾಬರಿ ಯಾಕೆ ಎಂದು ಯಾರಾದರೂ ಕೇಳಬಹುದು. ಜತ್ತ ತಾಲೂಕಿನ ಕನ್ನಡ ಶಾಲೆಯಲ್ಲಿ ಹತ್ತನೆಯ ಇಯತ್ತೆ ಮುಗಿಸಿ ಪುಣೆಗೆ ಬಂದಾಗಿನಿಂದ ನಾನಿರುವದು ಭೋಸರಿಯಲ್ಲಿ, ಸೋದರಮಾವನ ಮನೆಯಲ್ಲಿ. ಮಾವನದು ಅಲ್ಲೇ ಒಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್ಡು. ಬಿ.ಕಾಂ. ಓದುತ್ತೀಯಲ್ಲ, ಲೆಕ್ಕ ಬರಿ ಎಂದು ವಹಿ ಕೊಟ್ಟರು. ಲೆಕ್ಕ ಬರೆಯುತ್ತ ಕೂತವನಿಗೆ ಕಬ್ಬಿಣದ ಕೆಲಸ ಕಣ್ಣಿಗೆ ಬೀಳದೆ ಇರುತ್ತದೆಯೇ?

ಭೋಸರಿ ಪುಣೆ-ನಾಶಿಕ ರಸ್ತೆಯ ಮೇಲಿನ ಊರು. ಮಹಾರಾಷ್ಟ್ರ ಔದ್ಯೋಗಿಕ ವಿಕಾಸ ಮಹಾಮಂಡಳ, ಅಂದರೆ ಎಂ.ಐ.ಡಿ.ಸಿ., 1962ರಲ್ಲಿ ಹುಟ್ಟಿತು. ಅದರ ಕೈಯಿಂದ ಇಲ್ಲಿನ ಹೊಲಗಳು ಕಾರಖಾನೆಗಳಾದವು. ಹೊರಗಿನವರಿಗೆ ಗೊತ್ತಿರುವದು ದೊಡ್ಡ ದೊಡ್ಡ ಕಂಪನಿಗಳ ಹೆಸರು. ಒಳಗೆ ಬಂದು ನೋಡಿದರೆ ಒಂದು ದೊಡ್ಡ ಕಂಪನಿಯ ಬೆನ್ನಿಗೆ ಎಷ್ಟೋ ಸಣ್ಣ ‘ಗಾಳಾ’ಗಳು: ಒಬ್ಬ ಲೇಥ್ ಇಟ್ಟುಕೊಂಡವ, ಒಬ್ಬ ಪ್ರೆಸ್ ಇಟ್ಟುಕೊಂಡವ, ಒಬ್ಬ ನಮ್ಮ ಮಾವನಂತೆ ಸ್ಟ್ಯಾಂಡು, ಟ್ರಾಲಿ, ಗಾರ್ಡು ಬೆಸೆದು ಕೊಡುವವ. ಇಂಡಿ, ಸಿಂದಗಿ, ಆಳಂದ, ಅಕ್ಕಲಕೋಟೆ, ಜತ್ತ ಕಡೆಯ ಮಂದಿ ಈ ಗಾಳಾಗಳಲ್ಲಿ ತುಂಬ ಇದ್ದಾರೆ. ಮಾತು ಕನ್ನಡ, ಆದರೆ ಕೈಯಲ್ಲಿ ಹಿಡಿದ ಸಾಮಾನಿನ ಹೆಸರು ಮಾತ್ರ ಮರಾಠಿ ಇಲ್ಲವೆ ಇಂಗ್ಲಿಷು. ಹತ್ತು ವರ್ಷ ವೆಲ್ಡಿಂಗ್ ಮಾಡಿದವರೂ ‘ಮೂಲೆಮಟ್ಟ’ ಎಂಬ ಶಬ್ದ ಕೇಳಿಲ್ಲ, ‘ಗುಣ್ಯಾ’ ಎಂದರೆ ತಕ್ಷಣ ಎತ್ತಿ ಕೊಡುತ್ತಾರೆ. ಆದುದರಿಂದ ಈ ಲೇಖನದಲ್ಲಿ ಅಚ್ಚಗನ್ನಡ ಹುಡುಕಬೇಡಿರಿ.

ಊರಿಂದ ಬಂದ ಹುಡುಗ ಇಲ್ಲಿ ಮೊದಲು ಹೆಲ್ಪರ್ ಆಗುತ್ತಾನೆ. ಸಾಮಾನು ಎತ್ತುವದು, ಗ್ರೈಂಡರಿನಿಂದ ತಿಕ್ಕುವದು, ಚಹಾ ತರುವದು. ಹೋಲ್ಡರ್ ಅವನ ಕೈಗೆ ಬರುವದು ಯಾವಾಗ ಎಂಬುದಕ್ಕೆ ನಿಯಮವಿಲ್ಲ. ಐ.ಟಿ.ಐ.ಯಲ್ಲಿ ವೆಲ್ಡರ್ ಟ್ರೇಡು ಒಂದು ವರ್ಷದ್ದು. ಅದನ್ನು ಮಾಡಿ ಬಂದವನು ಬೇರೆ. ಆದರೆ ಹಾಗೇ ಬಂದವನು ವರ್ಷಗಟ್ಟಲೆ ಹೆಲ್ಪರನೇ. ಗಿರಾಕಿಯ ಕೆಲಸದ ಮೇಲೆ ಕೈ ಕಲಿಯಲು ಯಾವ ಮಾಲಕನೂ ಬಿಡುವದಿಲ್ಲ, ಬಿಡಲೂಬಾರದು. ಹೆಲ್ಪರಿನ ಪಗಾರಕ್ಕೂ ವೆಲ್ಡರಿನ ಪಗಾರಕ್ಕೂ ಇರುವ ಅಂತರ ನಾನೇ ವಹಿಯಲ್ಲಿ ಬರೆಯುವವನಾದ್ದರಿಂದ, ಈ ಮಾತು ಎಷ್ಟು ಭಾರವಾದದ್ದು ಎಂದು ನನಗೆ ಗೊತ್ತು. ಹಾಗಾದರೆ ಕಲಿಯುವವನು ಮೊದಲು ಯಾವುದನ್ನು ಬೆಸೆಯಬೇಕು?

ಬಹಳ ಮಂದಿ ಸ್ಟೂಲು ಎನ್ನುತ್ತಾರೆ. ಕೆಲವರು ಏಣಿ, ಕೆಲವರು ಮನೆಯ ಗೇಟು. ನನ್ನ ಮಾವನ ಅಭಿಪ್ರಾಯ ಬೇರೆ. ‘ಮೊದಲಿನ ಕೆಲಸ ಮಂದಿ ಮೈಮ್ಯಾಲೆ ಬೀಳಬಾರದಲೇ’ ಎನ್ನುತ್ತಾರೆ. ಹೊಸಬನ ಬೆಸುಗೆ ಮೇಲಿನಿಂದ ಚೆಂದ ಕಾಣುತ್ತಿರಬಹುದು, ಒಳಗೆ ಹಿಡಿದಿರುವದೇ ಇಲ್ಲ. ಅದು ಸ್ಟೂಲಾದರೆ ಅದರ ಮೇಲೆ ಒಬ್ಬ ಅಜ್ಜಿ ನಿಲ್ಲುತ್ತಾಳೆ. ಏಣಿಯಾದರೆ ಹೇಳುವದೇ ಬೇಡ. ಆದ್ದರಿಂದ ಮೊದಲ ಕೆಲಸಕ್ಕೆ ವೆಲ್ಡಿಂಗ್ ಸೆಟ್ಟು ಇಟ್ಟು ತಳ್ಳುವ ಗಾಡಿಯೇ ಸರಿ. ಅದರ ಮೇಲೆ ಮನುಷ್ಯರ ಭಾರವಿಲ್ಲ. ಒಂದು ಬೆಸುಗೆ ಬಿಟ್ಟರೆ ಸೆಟ್ಟು ನಾಲ್ಕು ಇಂಚು ಜಗ್ಗುತ್ತದೆ, ಅಷ್ಟೆ. ಮತ್ತು ಆ ಬೆಸುಗೆ ದಿನಾ ಮಾಡಿದವನ ಕಣ್ಣೆದುರೇ ಇರುತ್ತದೆ. ಗೇಟು ಗಿರಾಕಿಯ ಮನೆಗೆ ಹೋಗಿಬಿಡುತ್ತದೆ, ಗಾಡಿ ಎಲ್ಲಿಗೆ ಹೋದೀತು? ಯಾವ ಮೂಲೆ ತಡೆಯಿತು, ಯಾವುದು ಬಿರುಕು ಬಿಟ್ಟಿತು ಎಂದು ಆರು ತಿಂಗಳು ನೋಡುತ್ತ ಕಲಿಯಬಹುದು. ನಮ್ಮ ಶೆಡ್ಡಿನ ಹೆಲ್ಪರ್ ಹುಡುಗ, ಆಳಂದ ಕಡೆಯವ, ಇಂಥ ಗಾಡಿಯನ್ನು ಎರಡು ಗುರುವಾರಗಳಲ್ಲಿ ಮಾಡಿದ. (ನಮ್ಮ ಭಾಗದ ಕಾರಖಾನೆಗಳಿಗೆ ಸುಟ್ಟಿ ಗುರುವಾರ, ರವಿವಾರ ಅಲ್ಲ.) ಅಳತೆ ಹಿಡಿದವನು, ತೂಕ ಬರೆದುಕೊಂಡವನು ನಾನು. ಅದನ್ನೇ ಇಲ್ಲಿ ವಿವರಿಸುತ್ತೇನೆ.

ಮೊದಲು ಗಾಡಿ ಬೇಕೇ ಎಂಬ ಪ್ರಶ್ನೆ. ಹಳೆಯ ಟ್ರಾನ್ಸ್‌ಫಾರ್ಮರ್ ಸೆಟ್ಟು ಇಬ್ಬರು ಎತ್ತಿದರೂ ಸೊಂಟ ಹಿಡಿಯುವಂಥದು, ಅದಕ್ಕೆ ಕಂಪನಿಯವರೇ ಗಾಲಿ ಹಚ್ಚಿ ಕೊಡುತ್ತಿದ್ದರು. ಈಗ ಬಂದಿರುವದು ಇನ್ವರ್ಟರ್ ಸೆಟ್ಟು. ಗೋಡೆಯಿಂದ ಬರುವ ವಿದ್ಯುತ್ತು ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತದೆ. ಇನ್ವರ್ಟರ್ ಅದನ್ನು ಸಾವಿರಾರು ಸಲಕ್ಕೆ ಏರಿಸುತ್ತದೆ. ಅಷ್ಟು ವೇಗದಲ್ಲಿ ಟ್ರಾನ್ಸ್‌ಫಾರ್ಮರು ಸಣ್ಣದಿದ್ದರೂ ಸಾಕು. ಆದ್ದರಿಂದಲೇ ಏಳೆಂಟು ಕಿಲೋದ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಹೋಗಬಹುದು. ಹೆಗಲಿಗೆ ಹಾಕುವದಾದರೆ ಗಾಡಿ ಯಾಕೆ? ಯಾಕೆಂದರೆ ಸೆಟ್ಟು ಹಗುರಾದರೂ ಅದರ ಸಂಸಾರ ಹಗುರಾಗಿಲ್ಲ. ಎರಡು ಉದ್ದನೆಯ ಕೇಬಲು, ರಾಡಿನ ಪೆಟ್ಟಿಗೆ, ಗ್ರೈಂಡರು, ಚಿಪ್ಪಿಂಗ್ ಹ್ಯಾಮರು, ಮುಖಕ್ಕೆ ಹಿಡಿಯುವ ಶೀಲ್ಡು, ನಾಲ್ಕಾರು ಕ್ಲಾಂಪು. ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಇನ್ವರ್ಟರಿನ ಒಳಗೆ ಫ್ಯಾನು ಇದೆ. ಸೆಟ್ಟನ್ನು ನೆಲದ ಮೇಲಿಟ್ಟರೆ ಗ್ರೈಂಡರಿನಿಂದ ಉದುರಿದ ಕಬ್ಬಿಣದ ಪುಡಿಯನ್ನು ಆ ಫ್ಯಾನು ಒಳಗೆಳೆದುಕೊಳ್ಳುತ್ತದೆ. ಕಬ್ಬಿಣದ ಪುಡಿ ವಿದ್ಯುತ್ ಹರಿಯಬಿಡುವ ವಸ್ತು. ಒಳಗಿನ ಬೋರ್ಡು ಸುಟ್ಟರೆ ರಿಪೇರಿ ಖರ್ಚು ಹೊಸ ಸೆಟ್ಟಿನ ಹತ್ತಿರಕ್ಕೆ ಹೋಗುತ್ತದೆ. ನೆಲದಿಂದ ಎರಡು ಅಡಿ ಮೇಲೆತ್ತಿದರೆ ಸೆಟ್ಟಿನ ಆಯುಷ್ಯ ಬೆಳೆಯುತ್ತದೆ.

ಇನ್ನು ಅಳತೆ. ಚಿತ್ರ ಬರೆದು ತೋರಿಸಬೇಕೆಂದಿದ್ದೆ. ಸ್ಟೆನ್ಸಿಲ್ ಹರಿಯುತ್ತದೆ, ಮಾತಿನಲ್ಲೇ ಹೇಳು ಎಂದು ಸಂಪಾದಕರು ಅಪ್ಪಣೆ ಕೊಡಿಸಿದ್ದಾರೆ. ಆದ್ದರಿಂದ ಒಂದು ಮೇಜನ್ನು ಮನಸ್ಸಿನಲ್ಲಿ ತಂದುಕೊಳ್ಳಿರಿ. ಮೇಲೊಂದು ಚೌಕಟ್ಟು, ಕೆಳಗೊಂದು ಚೌಕಟ್ಟು, ನಡುವೆ ನಾಲ್ಕು ಕಾಲು. ಚೌಕಟ್ಟಿನ ಹೊರ ಅಳತೆ 600 ಮಿ.ಮೀ. ಉದ್ದ, 450 ಮಿ.ಮೀ. ಅಗಲ. ಈ ಅಂಕಿಗಳನ್ನೇ ಆರಿಸಿದ್ದಕ್ಕೆ ಕಾರಣವಿದೆ. 450, 600 ಎಂದರೆ ಮೂರು ನೂರೈವತ್ತು, ನಾಲ್ಕು ನೂರೈವತ್ತು. ಶಾಲೆಯಲ್ಲಿ ಕಲಿತ 3-4-5ರ ತ್ರಿಕೋನ ನೆನಪಿದೆಯಷ್ಟೆ? ಮೂಲೆಗಳು ನೆಟ್ಟಗಿದ್ದರೆ ಕರ್ಣ ಸರಿಯಾಗಿ 750 ಬರಬೇಕು. ಪೈಥಾಗೊರಸನ ಹೆಸರಿನಲ್ಲಿ ಕಂಠಪಾಠ ಮಾಡಿದ ಈ ಸಂಗತಿಯನ್ನು ಯಜ್ಞವೇದಿ ಕಟ್ಟಲು ಬೌಧಾಯನನ ಶುಲ್ಬಸೂತ್ರವೂ ಹೇಳಿದೆ. ನಮಗೆ ಇಟ್ಟಿಗೆಯ ವೇದಿಯ ಬದಲು ಕಬ್ಬಿಣದ ಗಾಡಿ. ಗುಣ್ಯಾ ಸವೆದಿರಬಹುದು, ಟೇಪು ಹಿಡಿದು ನೋಡಿದ ಕರ್ಣ ಸುಳ್ಳು ಹೇಳುವದಿಲ್ಲ.

ಕಬ್ಬಿಣ ಯಾವುದು? ಹೊಸಬರು ಚೌಕ ಪೈಪಿಗೆ ಮನಸೋಲುತ್ತಾರೆ, ನೋಡಲು ನಯ. ಆದರೆ ಪೇಟೆಯಲ್ಲಿ ಸಿಗುವ ಹಗುರ ಪೈಪಿನ ದಪ್ಪ ಒಂದೂವರೆ-ಎರಡು ಮಿ.ಮೀ. ಮಾತ್ರ, ಕೈ ಒಂದು ಕ್ಷಣ ನಿಂತರೆ ತೂತು. ಐದು ಮಿ.ಮೀ. ದಪ್ಪದ ಆಂಗಲ್ ಕ್ಷಮಾಗುಣವುಳ್ಳದ್ದು. ನಾವು ಬಳಸಿದ್ದು 35×35×5ರ ಆಂಗಲ್. ಇದರ ತೂಕ ಮೀಟರಿಗೆ 2.6 ಕಿಲೋ. ಒಂದು ಪೂರ್ತಿ ಉದ್ದ 6 ಮೀಟರು. ಈಗ ಲೆಕ್ಕ ನೋಡಿರಿ: ಉದ್ದದ ತುಂಡು 600ರವು ನಾಲ್ಕು, ಅಡ್ಡ ತುಂಡು 440ರವು ನಾಲ್ಕು, ಕಾಲು 450ರವು ನಾಲ್ಕು. ಒಟ್ಟು 5960. ಹನ್ನೆರಡು ತುಂಡಿಗೆ ಹನ್ನೊಂದು ಕಡಿತ, ಕಟಿಂಗ್ ಚಕ್ರ ಪ್ರತಿ ಸಲ 3 ಮಿ.ಮೀ. ತಿಂದರೆ 33. ಉಳಿಯುವದು 7 ಮಿ.ಮೀ. ಕಾಸ್ಟಿಂಗ್ ವಿಷಯದಲ್ಲಿ ‘ಸಾಧಾರಣ ನಷ್ಟ’ ಎಂದು ಓದುತ್ತೇವಲ್ಲ, ಅದನ್ನು ಬೆರಳಿನಿಂದ ಮುಟ್ಟಿ ನೋಡಿದ್ದು ನಾನು ಅಂದೇ. ಚಕ್ರ ತಿನ್ನುವ ದಪ್ಪವನ್ನು ಲೆಕ್ಕಕ್ಕೆ ಹಿಡಿಯದವನ ಕೊನೆಯ ಕಾಲು ಗಿಡ್ಡಾಗುತ್ತದೆ.

ಅಡ್ಡ ತುಂಡು 450 ಇರದೆ 440 ಯಾಕೆ? ಅದು ಎರಡು ಉದ್ದದ ತುಂಡುಗಳ ನಡುವೆ ಕೂಡುವದರಿಂದ. ಎರಡೂ ಬದಿಯ ಗೋಡೆ ಐದೈದು ಮಿ.ಮೀ., ಅಷ್ಟನ್ನು ಕಳೆಯಬೇಕು. ಒಳ ಅಳತೆ, ಹೊರ ಅಳತೆ ಎಂಬ ಈ ಭೇದವನ್ನು ಸೀಮೆಸುಣ್ಣದಿಂದ ನೆಲದ ಮೇಲೆ ಬರೆದುಕೊಂಡೇ ಕತ್ತರಿಸಬೇಕು. ಅಡ್ಡ ತುಂಡಿನ ಎರಡೂ ತುದಿಗಳಲ್ಲಿ, ಮಲಗಿರುವ ಪಟ್ಟಿಯಿಂದ 30 ಮಿ.ಮೀ. ಚೌಕ ಕಚ್ಚು ತೆಗೆದರೆ ಅದು ಉದ್ದದ ತುಂಡಿನ ಮಲಗಿದ ಪಟ್ಟಿಗೆ ಸರಿಯಾಗಿ ತಾಗಿ ಕೂಡುತ್ತದೆ. ನಿಂತ ಪಟ್ಟಿ ಮೇಲ್ಮುಖವಾಗಿರಲಿ. ಆಗ ಚೌಕಟ್ಟು ತಾಟಿನಂತಾಗಿ ಸಾಮಾನು ಜಾರಿ ಬೀಳುವದಿಲ್ಲ. ತಳಕ್ಕೆ ಹಾಸಲು 590×440ರ ಎರಡು ಪತ್ರಾ, 2 ಮಿ.ಮೀ. ದಪ್ಪದವು. ಒಂದು ಚದರ ಮೀಟರಿನ, ಒಂದು ಮಿ.ಮೀ. ದಪ್ಪದ ಉಕ್ಕಿನ ಹಾಳೆ 7.85 ಕಿಲೋ ತೂಗುತ್ತದೆ. ಈ ಒಂದು ಅಂಕಿ ಗೊತ್ತಿದ್ದರೆ ಅಂಗಡಿಯವನ ತಕ್ಕಡಿಯನ್ನು ಮನೆಯಲ್ಲೇ ಕೂತು ಪರೀಕ್ಷಿಸಬಹುದು. ಎರಡು ಪತ್ರಾ ಸೇರಿ 8 ಕಿಲೋಗೆ ಸ್ವಲ್ಪ ಮೇಲೆ. ಗಾಲಿ ಹಚ್ಚಲು 100 ಮಿ.ಮೀ. ಚೌಕದ, 6 ಮಿ.ಮೀ. ದಪ್ಪದ ನಾಲ್ಕು ತಟ್ಟೆ, ಎರಡು ಕಿಲೋಗೆ ಸ್ವಲ್ಪ ಕಡಿಮೆ. ಆಂಗಲ್ ಹದಿನೈದೂವರೆ. ಒಟ್ಟು ಇಪ್ಪತ್ತೈದೂವರೆ ಕಿಲೋ ಕಬ್ಬಿಣ, ಹಿಡಿಕೆ ಮತ್ತು ಗಾಲಿ ಬಿಟ್ಟು.

ಇದನ್ನು ಹೊಸದೇ ತರಬೇಕೆಂದಿಲ್ಲ. ಇಲ್ಲಿ ನಮ್ಮ ಭಾಷೆಯವರಿಗೆ ಒಂದು ತಮಾಷೆ ಕಾದಿದೆ. ಮರಾಠಿಯಲ್ಲಿ ‘ಭಂಗಾರ’ ಎಂದರೆ ಗುಜರಿ ಸಾಮಾನು. ಊರಿಂದ ಹೊಸದಾಗಿ ಬಂದವನಿಗೆ ರಸ್ತೆಯ ಉದ್ದಕ್ಕೂ ‘ಭಂಗಾರ’ದ ಅಂಗಡಿಗಳ ಬೋರ್ಡು ಕಂಡು ಈ ಊರು ಎಷ್ಟು ಶ್ರೀಮಂತ ಅನಿಸಿದರೆ ಆಶ್ಚರ್ಯವಿಲ್ಲ. ಭೋಸರಿಯ ಮಗ್ಗುಲಿನ ಚಿಖಲಿ-ಕುದಳವಾಡಿ ಈ ಭಂಗಾರಕ್ಕೆ ದೊಡ್ಡ ಪೇಟೆಯಾಗಿತ್ತು. 2025ರ ಫೆಬ್ರುವರಿಯಲ್ಲಿ ಪಿಂಪ್ರಿ-ಚಿಂಚವಾಡ ಮಹಾನಗರಪಾಲಿಕೆ ಅನಧಿಕೃತವೆಂದು ಅಲ್ಲಿನ ಸಾವಿರಾರು ಶೆಡ್ಡು-ಗೋದಾಮುಗಳನ್ನು ಕೆಡವಿತು. ಕಾಯದೆ ಏನೇ ಇರಲಿ, ಒಂದು ಅಡಿ ಆಂಗಲ್ ತೂಕಕ್ಕೆ ಕೊಳ್ಳುವ ಸಣ್ಣ ಗಿರಾಕಿಗೆ ಆ ಪೇಟೆಯಂಥದು ಇನ್ನೊಂದಿಲ್ಲ. ಈಗಲೂ ಸಣ್ಣ ಅಂಗಡಿಗಳು ಅಲ್ಲಲ್ಲಿ ಇವೆ, ಹುಡುಕಬೇಕು.

ಗುಜರಿಯಲ್ಲಿ ಎರಡು ವಸ್ತುಗಳನ್ನು ಮುಟ್ಟಬಾರದು. ಒಂದು, ಬೆಳ್ಳಗೆ ಮಿರುಗುವ ಜಿ.ಐ. ಪೈಪು. ಅದರ ಮೇಲಿರುವದು ಸತು. ಕಬ್ಬಿಣ ಕರಗಲು ಸುಮಾರು 1500 ಡಿಗ್ರಿ ಬೇಕು, ಸತು 907 ಡಿಗ್ರಿಗೇ ಕುದಿದು ಬಿಳಿ ಹೊಗೆಯಾಗುತ್ತದೆ. ಆ ಹೊಗೆ ಕುಡಿದವನಿಗೆ ಸಂಜೆಗೆ ಚಳಿಜ್ವರ. ಒಂದೆರಡು ದಿನದಲ್ಲಿ ಇಳಿಯುತ್ತದೆ ಎಂದು ಮಂದಿ ಹಗುರಾಗಿ ತೆಗೆದುಕೊಳ್ಳುತ್ತಾರೆ, ತೆಗೆದುಕೊಳ್ಳಬಾರದು. ಇನ್ನೊಂದು, ಎಣ್ಣೆಯ ಡಬ್ಬಿ, ಪೆಟ್ರೋಲ್ ಟಾಕಿ ಮುಂತಾದ ಮುಚ್ಚಿದ ಪಾತ್ರೆ. ಖಾಲಿ ಕಂಡರೂ ಒಳಗಿನ ಆವಿ ಸಿಡಿಯಲು ಒಂದು ಕಿಡಿ ಸಾಕು.

ಕತ್ತರಿಸಿದ ತುದಿಗಳ ತುಕ್ಕು, ಬಣ್ಣ, ಎಣ್ಣೆ ಗ್ರೈಂಡರಿನಿಂದ ತೆಗೆದು ಬಿಳಿಯ ಲೋಹ ಕಾಣಿಸಬೇಕು. ಈ ಗ್ರೈಂಡರು ನಿಮಿಷಕ್ಕೆ ಹನ್ನೊಂದು ಸಾವಿರದಷ್ಟು ಸುತ್ತುತ್ತದೆ. ಕೆಲಸಕ್ಕೆ ಅಡ್ಡ ಬರುತ್ತದೆಂದು ಅದರ ಗಾರ್ಡು ಬಿಚ್ಚಿಡುವದು ಭೋಸರಿಯ ಒಂದು ಕೆಟ್ಟ ಚಟ. ಚಕ್ರ ಒಡೆದರೆ ಚೂರು ಬರುವ ದಿಕ್ಕಿನಲ್ಲಿ ಮುಖವಿರುತ್ತದೆ.

ಈಗ ಬೆಸುಗೆ. ಅಕ್ಕಸಾಲಿಯ ಬೆಸುಗೆಯಲ್ಲಿ, ರೇಡಿಯೋ ರಿಪೇರಿಯವನ ತವರದ ಬೆಸುಗೆಯಲ್ಲಿ ಮೂಲ ಲೋಹ ಕರಗುವದಿಲ್ಲ. ನಡುವೆ ಬೇರೊಂದು ಲೋಹ ಕರಗಿ ಅಂಟಿನಂತೆ ಹಿಡಿಯುತ್ತದೆ. ವೆಲ್ಡಿಂಗಿನಲ್ಲಿ ಎರಡೂ ತುಂಡುಗಳ ಅಂಚೇ ಕರಗಿ, ರಾಡಿನ ಲೋಹದೊಂದಿಗೆ ಕೂಡಿ ಒಂದು ಪುಟ್ಟ ಹೊಂಡವಾಗಿ, ಆರಿ ಒಂದಾಗುತ್ತದೆ. ಗೋಡೆಯ ವಿದ್ಯುತ್ತು 230 ವೋಲ್ಟು. ಕಮಾನು ಹೊತ್ತಿ ಉರಿಯುವಾಗ ರಾಡಿನ ತುದಿಯಲ್ಲಿರುವದು 24ರ ಆಸುಪಾಸು, ಆದರೆ ಹರಿಯುವದು ನೂರು ಆಂಪಿಯರ್. ದೊಡ್ಡ ನೋಟು ಕೊಟ್ಟು ಚೀಲದ ತುಂಬ ಚಿಲ್ಲರೆ ತೆಗೆದುಕೊಂಡ ಹಾಗೆ. ಚಿಲ್ಲರೆ ಜಾಸ್ತಿ ಬೇಕೆಂದರೆ ನೋಟೂ ದೊಡ್ಡದೇ ಕೊಡಬೇಕಲ್ಲ! ಗೋಡೆಯಿಂದ 15-20 ಆಂಪಿಯರ್ ಎಳೆಯುತ್ತದೆ. ಆದ್ದರಿಂದ ಮನೆಯ ಸಾದಾ ಪ್ಲಗ್ಗಿಗೆ ಹಚ್ಚಿ ಈ ಕೆಲಸ ಮಾಡಬಾರದು.

ರಾಡನ್ನು ಇಲ್ಲಿ ನಂಬರಿನಿಂದ ಕೇಳುತ್ತಾರೆ. ಹತ್ತು ನಂಬರ್ ಎಂದರೆ 3.15 ಮಿ.ಮೀ., ಹನ್ನೆರಡು ನಂಬರ್ ಎಂದರೆ 2.5. ನಂಬರು ಏರಿದಂತೆ ರಾಡು ಸಣ್ಣ. ಪೆಟ್ಟಿಗೆಯ ಮೇಲೆ 6013 ಎಂದಿದ್ದರೆ ಕಲಿಯುವವನಿಗೆ ಒಳ್ಳೆಯದು: 60 ಎಂಬುದು ಬಲದ ಅಂಕಿ, 1 ಎಂದರೆ ಮಲಗಿಸಿ ನಿಲ್ಲಿಸಿ ತಲೆಯ ಮೇಲೆ ಹೇಗಾದರೂ ಬೆಸೆಯಬಹುದು, ಕೊನೆಯ ಅಂಕಿ ಮೇಲಿನ ಲೇಪದ ಜಾತಿ. ಈ ಲೇಪ ಶೃಂಗಾರಕ್ಕಲ್ಲ. ಅದು ಉರಿದು ಅನಿಲವಾಗಿ, ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಕಾಯುತ್ತದೆ. ಉಳಿದದ್ದು ಕಿಟ್ಟವಾಗಿ ಮೇಲೆ ತೇಲಿ ನಿಂತು ನಿಧಾನವಾಗಿ ಆರಲು ಹೊದಿಕೆಯಾಗುತ್ತದೆ. ಆರಿದ ಮೇಲೆ ಕಿಟ್ಟವನ್ನು ಪೂರ್ತಿ ಬಡಿದು ತೆಗೆಯದೆ ಮತ್ತೊಂದು ಪದರು ಹಾಕಿದರೆ ಅದು ಒಳಗೇ ಸಿಕ್ಕಿಬೀಳುತ್ತದೆ. ಹೊಸಬನ ಕೆಲಸ ಮುರಿದು ನೋಡಿದರೆ ಒಳಗೆ ಕಪ್ಪಗೆ ಕಾಣುವದು ಹೆಚ್ಚಾಗಿ ಇದೇ.

ಆಂಗಲ್ಲಿಗೆ ಹತ್ತು ನಂಬರ್ ರಾಡು, 100-110 ಆಂಪಿಯರ್. ಪತ್ರಾಕ್ಕೆ ಹನ್ನೆರಡು ನಂಬರ್, 70ರ ಸುತ್ತ. ರಾಡಿನ ತುದಿ ಮತ್ತು ಲೋಹದ ನಡುವಿನ ಅಂತರ ರಾಡಿನ ದಪ್ಪದಷ್ಟೇ ಇರಬೇಕು. ಇದನ್ನು ಕಣ್ಣಿಗಿಂತ ಕಿವಿ ಚೆನ್ನಾಗಿ ಹೇಳುತ್ತದೆ: ಕಾದ ಎಣ್ಣೆಯಲ್ಲಿ ಭಜಿ ಕರಿದಂತೆ ಒಂದೇ ಸಮನೆ ಸದ್ದು ಬರಬೇಕು. ಭುಸ್ ಎಂದು ಗಾಳಿಯ ಸದ್ದಾದರೆ ಅಂತರ ಹೆಚ್ಚಾಯಿತು. ರಾಡು ಅಂಟಿ ಗುಂಯ್ ಎಂದರೆ ಕಡಿಮೆಯಾಯಿತು. ಗಾಡಿಗೆ ಕೈ ಹಚ್ಚುವ ಮುನ್ನ ನಮ್ಮ ಹುಡುಗ ಒಂದು ಇಡೀ ಮುಂಜಾನೆ ಬೇಡಾದ ತುಂಡುಗಳ ಮೇಲೆ ಗೆರೆ ಎಳೆದ. ಎರಡು ತುಂಡು ಬೆಸೆದು, ಶಿಕಂಜೆಯಲ್ಲಿ ಹಿಡಿದು, ಸುತ್ತಿಗೆಯಿಂದ ಮಡಚಿ ಮುರಿದು ನೋಡಿದ. ಬೆಸುಗೆ ಮುರಿಯದೆ ಪಕ್ಕದ ಕಬ್ಬಿಣವೇ ಬಾಗತೊಡಗಿದ ಮೇಲೆ ಮಾವ ‘ಹೂಂ, ಇನ್ನ ಹಚ್ಚು’ ಎಂದರು.

ಕಣ್ಣಿನ ವಿಷಯ ಇಲ್ಲಿಯೇ ಹೇಳಬೇಕು. ಈ ಬೆಳಕಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣವಿದೆ. ಹತ್ತು ಇಲ್ಲವೆ ಹನ್ನೊಂದನೆಯ ನಂಬರಿನ ಕಪ್ಪು ಗಾಜಿನ ಹಿಂದಿನಿಂದಲೇ ನೋಡಬೇಕು. ಟ್ಯಾಕ್ ಹಾಕುವಾಗ ‘ಒಂದ ಸೆಕೆಂಡ್ ಅಲ್ಲೇನು’ ಎಂದು ಬರೀ ಕಣ್ಣು ಮುಚ್ಚಿಕೊಳ್ಳುವವರು ಬಹಳ. ಮೋಸವೆಂದರೆ ನೋವು ಆ ಹೊತ್ತಿಗೆ ಬರುವದಿಲ್ಲ. ನಾಲ್ಕಾರು ತಾಸಿನ ಮೇಲೆ, ರಾತ್ರಿ, ಕಣ್ಣಿಗೆ ಉಸುಕು ತುಂಬಿದಂತೆ ಉರಿದು ನೀರು ಸುರಿಯುತ್ತದೆ. ಆಲೂಗಡ್ಡೆ ಹೋಳು, ಗುಲಾಬಿ ನೀರು ಎಂದು ಖೋಲಿಗೊಂದು ವೈದ್ಯ ನಡೆಯುತ್ತದೆ. ಹೋಗಬೇಕಾದದ್ದು ಡಾಕ್ಟರರ ಹತ್ತಿರ. ಪಕ್ಕದಲ್ಲಿ ನಿಂತು ತುಂಡು ಹಿಡಿಯುವ ಹೆಲ್ಪರಿಗೂ ಇದೇ ಗತಿ, ಅವನಿಗಂತೂ ಶೀಲ್ಡೇ ಇರುವದಿಲ್ಲ. ಹತ್ತಿ ಬಟ್ಟೆ, ಮುಚ್ಚಿದ ಬೂಟು. ಟೆರಿಲಿನ್-ಪಾಲಿಯೆಸ್ಟರ್ ಅಂಗಿ ಕಿಡಿ ಬಿದ್ದರೆ ಕರಗಿ ಮೈಗಂಟುತ್ತದೆ.

ಇನ್ನು ಜೋಡಿಸುವ ಕ್ರಮ. ಕಾದ ಕಬ್ಬಿಣ ಹಿಗ್ಗುತ್ತದೆ: ಒಂದು ಮೀಟರು, ನೂರು ಡಿಗ್ರಿಗೆ ಸುಮಾರು 1.2 ಮಿ.ಮೀ. ಆರುವಾಗ ಕುಗ್ಗಿ, ಬೆಸುಗೆ ಇದ್ದ ಕಡೆಗೆ ತುಂಡನ್ನು ಎಳೆಯುತ್ತದೆ. ಮೂಲೆ ಮುಗಿಸಿ ಮೂಲೆಗೆ ಹೋದರೆ ಚೌಕ ಹೋಗಿ ಪತಂಗವಾಗುವದು ಇದಕ್ಕಾಗಿಯೇ. ಆದ್ದರಿಂದ ನಾಲ್ಕೂ ಮೂಲೆಗೆ ಮೊದಲು ಬರೀ ಟ್ಯಾಕ್, ಅಂದರೆ ದರ್ಜಿ ಹಾಕುವ ಕಚ್ಚಾ ಹೊಲಿಗೆಯಂಥ ಒಂದು ಚುಕ್ಕೆ. ಆಮೇಲೆ ಟೇಪು ಹಿಡಿದು ಎರಡೂ ಕರ್ಣ ನೋಡುವದು. ಒಂದು 752, ಇನ್ನೊಂದು 748 ಬಂದರೆ ಉದ್ದನೆಯ ಕರ್ಣದ ಮೂಲೆಗೆ ಸುತ್ತಿಗೆಯಿಂದ ಮೆಲ್ಲಗೆ ಏಟು. ಎರಡೂ 750 ಬಂದ ಮೇಲೆ ಎದುರು-ಬದುರು ಮೂಲೆಗಳನ್ನು ಸರದಿಯಂತೆ ತುಂಬುವದು. ನಡುವೆ ಆರಲು ಬಿಡಬೇಕು. ಗಡಿಬಿಡಿ ಮಾಡುವವರಿಗೆ ಚಹಾದ ಅಂಗಡಿ ದೂರ ಇದ್ದಷ್ಟೂ ಒಳ್ಳೆಯದು.

ಕೆಳಗಿನ ಚೌಕಟ್ಟಾದ ಕೂಡಲೆ ಗಾಲಿಯ ತಟ್ಟೆಗಳನ್ನು ಅದರ ಮೂಲೆಗಳ ಅಡಿಗೆ ಬೆಸೆದು, ಬೋಲ್ಟಿನ ತೂತುಗಳನ್ನು ಕೊರೆದುಬಿಡಬೇಕು; ಆಮೇಲೆ ಡ್ರಿಲ್ಲು ಒಳಗೆ ಹೋಗಲು ಜಾಗವಿರುವದಿಲ್ಲ. ಹಾಗೆಯೇ ಕೆಳಗಿನ ಪತ್ರಾವನ್ನು, ಕಾಲು ಕೂಡುವ ಮೂಲೆಗಳನ್ನು ಕತ್ತರಿಸಿ, ಕಾಲು ನಿಲ್ಲಿಸುವ ಮೊದಲೇ ಒಳಗಿಡಬೇಕು. ಕಾಲು, ಮೇಲಿನ ಚೌಕಟ್ಟು ಎರಡೂ ಕೂಡಿದ ಮೇಲೆ ಅದು ಒಳಗೆ ಹೋಗಲಾರದು. ಕೋಣೆ ಕಟ್ಟಿದ ಮೇಲೆ ಕಪಾಟು ತರುವವರ ಕಥೆ. ಪತ್ರಾವನ್ನು ಉದ್ದಕ್ಕೂ ಬೆಸೆಯಬಾರದು, ಸೊಟ್ಟಗಾಗಿ ಹಪ್ಪಳವಾಗುತ್ತದೆ. ಅಂಗೈ ಅಗಲಕ್ಕೊಂದರಂತೆ ಒಂದೊಂದು ಇಂಚು ಸಾಕು.

ಗಾಲಿಯ ಮೇಲೆ ಜಿಪುಣತನ ಬೇಡ. ನಮ್ಮ ಶೆಡ್ಡುಗಳ ನೆಲವೆಂದರೆ ಒಡೆದ ಕಾಂಕ್ರೀಟು, ಅದರ ಮೇಲೆ ಕಬ್ಬಿಣದ ಚೂರು. ಸಣ್ಣ ಗಟ್ಟಿ ಗಾಲಿ ಒಂದು ರಾಡಿನ ತುಂಡಿಗೇ ಅಡ್ಡ ನಿಂತು ಗಾಡಿಯನ್ನು ಮುಗ್ಗರಿಸುತ್ತದೆ. ನಾಲ್ಕು ಇಂಚಿನ ರಬ್ಬರಿನವು ಕನಿಷ್ಠ. ಹಿಡಿಕೆಯ ಕಡೆಗೆ ತಿರುಗುವವು ಎರಡು, ಮುಂದೆ ತಿರುಗದವು ಎರಡು. ನಾಲ್ಕೂ ತಿರುಗುವವಾದರೆ ಗಾಡಿ ಏಡಿಯಂತೆ ಅಡ್ಡ ನಡೆಯುತ್ತದೆ. ಒಂದಕ್ಕಾದರೂ ಬ್ರೇಕು ಇರಲಿ. ಬೋಲ್ಟು ಹಾಕಿಯೇ ಕೂರಿಸಬೇಕು, ಬೆಸೆಯಬಾರದು. ಬೆಸೆದರೆ ರಬ್ಬರು ಸುಡುತ್ತದೆ, ಸವೆದಾಗ ಬದಲಿಸಲೂ ಬರುವದಿಲ್ಲ.

ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕೆಂದಿರುವದು ಕೇಬಲ್ ನೇತುಹಾಕುವ ಕೊಕ್ಕೆಗಳ ಬಗ್ಗೆ. ಯಾರೂ ಗಮನಿಸದ ಜಾಗವಿದು. ಶೆಡ್ಡುಗಳಲ್ಲಿ ‘ಅರ್ಥಿಂಗ್’ ಎಂಬ ಒಂದೇ ಶಬ್ದವನ್ನು ಎರಡು ಬೇರೆ ಬೇರೆ ವಸ್ತುಗಳಿಗೆ ಬಳಸುತ್ತಾರೆ. ಒಂದು, ಸೆಟ್ಟಿನ ಪ್ಲಗ್ಗಿನ ಮೂರನೆಯ ತಂತಿ. ಅದು ಮೈಗೆ ಶಾಕ್ ಹೊಡೆಯದಂತೆ ಕಾಯುವ ತಂತಿ, ಸೆಟ್ಟಿನ ಹೊರಕವಚಕ್ಕೆ ಸೇರಿರುತ್ತದೆ. ಇನ್ನೊಂದು, ಬೆಸೆಯುವ ತುಂಡಿಗೆ ಹಚ್ಚುವ ಕ್ಲಾಂಪು. ಅದರ ಮೂಲಕ ನೂರು ಆಂಪಿಯರ್ ಸೆಟ್ಟಿಗೆ ಮರಳಿ ಹೋಗುತ್ತದೆ. ಹೆಸರು ಒಂದೇ, ಕೆಲಸ ಬೇರೆ. ಕಬ್ಬಿಣದ ಗಾಡಿಯ ಮೇಲೆ ಕಬ್ಬಿಣದ ಕವಚದ ಸೆಟ್ಟು ಕೂತಿದೆ ಎಂದುಕೊಳ್ಳಿರಿ. ಕ್ಲಾಂಪನ್ನು ಗಾಡಿಯ ಚೌಕಟ್ಟಿಗೇ ಸಿಕ್ಕಿಸಿಬಿಟ್ಟರೆ ಆ ದೊಡ್ಡ ಪ್ರವಾಹ ವಾಪಸಾಗಲು ಅಡ್ಡದಾರಿ ಹುಡುಕಬಹುದು. ಮೂರನೆಯ ಸಣ್ಣ ತಂತಿಯ ಮೂಲಕ ಹೋದರೆ ತಂತಿ ಸುಟ್ಟುಹೋಗುತ್ತದೆ. ಸುಟ್ಟದ್ದು ಹೊರಗೆ ಕಾಣುವದಿಲ್ಲ, ಕಾಯುವ ತಂತಿ ಇಲ್ಲದೆಯೇ ಸೆಟ್ಟು ನಡೆಯುತ್ತಿರುತ್ತದೆ. ಇನ್ನು ರಾಡು ಸಿಕ್ಕಿಸಿಟ್ಟ ಹೋಲ್ಡರನ್ನು ಬರೀ ಕಬ್ಬಿಣದ ಕೊಕ್ಕೆಗೆ ತೂಗಿದರೆ ಗಾಡಿಯ ಮೇಲೆಯೇ ಕಿಡಿ ಏಳಬಹುದು. ಪರಿಹಾರ ಬಹಳ ಸೋವಿ: ಹಳೆಯ ಸೈಕಲ್ ಟ್ಯೂಬು. ಕೊಕ್ಕೆಗಳಿಗೆಲ್ಲ ಅದನ್ನು ಎರಡು ಸುತ್ತು ಸುತ್ತಿ ಕಟ್ಟಬೇಕು, ಸೆಟ್ಟಿನ ಕೆಳಗೆ ಒಂದು ರಬ್ಬರ್ ಹಾಳೆ ಹಾಸಬೇಕು. ಕೆಲಸ ನಿಂತಾಗ ರಾಡು ಕಿತ್ತು ಹೋಲ್ಡರು ತೂಗಬೇಕು.

ಮಳೆಗಾಲದಲ್ಲಿ ಇದು ಇನ್ನೂ ಮುಖ್ಯ. ಜೂನ್‌ನಿಂದ ಸಪ್ಟಂಬರದವರೆಗೆ ಶೆಡ್ಡಿನ ನೆಲ ಒಣಗುವದೇ ಇಲ್ಲ. ಕಮಾನು ಹೊತ್ತದೆ ಸುಮ್ಮನಿದ್ದಾಗ ರಾಡಿನಲ್ಲಿ 60-80 ವೋಲ್ಟ್ ಇರುತ್ತದೆ. ಒಣ ಕೈಗೆ ಚುರುಕ್ ಎನ್ನುವ ಈ ವೋಲ್ಟು ಒದ್ದೆ ಕೈ, ಒದ್ದೆ ಚಪ್ಪಲಿಗೆ ಜೀವಕ್ಕೇ ಎರವಾಗಬಲ್ಲದು. ರಾಡುಗಳೂ ತೇವ ಹೀರಿ ಚಟಪಟ ಸಿಡಿಯುತ್ತವೆ. ಕೆಳಗಿನ ತಾಟಿನಲ್ಲಿ ಬಿಗಿ ಮುಚ್ಚಳದ ಡಬ್ಬಿಯೊಂದನ್ನು ರಾಡಿಗೆಂದೇ ಇಡುವದು ಅದಕ್ಕೇ.

ಗ್ಯಾಸ್ ಸಿಲಿಂಡರನ್ನೂ ಇದೇ ಗಾಡಿಯಲ್ಲಿ ಇಡಬಹುದಲ್ಲ ಎಂದು ಹುಡುಗ ಕೇಳಿದ. ಮಾವ ಬೇಡ ಎಂದರು, ನನಗೂ ಅದೇ ಸರಿ ಅನಿಸುತ್ತದೆ. ಆರ್ಗನ್ ಸಿಲಿಂಡರೆಂದರೆ ಹೆಚ್ಚುಕಡಿಮೆ ಆಳೆತ್ತರ, ಐವತ್ತು ಕಿಲೋಗೂ ಹೆಚ್ಚು, ಒಳಗೆ ಗಾಳಿಯ ಒತ್ತಡದ ನೂರೈವತ್ತು ಪಟ್ಟು ಒತ್ತಡ. ಅದು ಉರುಳಿ ತಲೆಯ ವಾಲ್ವು ಮುರಿದರೆ ಸಿಲಿಂಡರು ಬಾಣದಂತೆ ಚಿಮ್ಮುತ್ತದೆ. ಅದಕ್ಕೆ ಅಗಲವಾದ ಬುಡ, ಎರಡು ಕಡೆ ಸರಪಳಿ, ಮತ್ತು ಪಳಗಿದ ಕೈಯ ಬೆಸುಗೆ ಬೇಕು. ಹೊಸಬನ ಮೊದಲ ಗಾಡಿಗೆ ಆ ಭಾರ ಹೊರಿಸಿದರೆ, ಗಾಡಿಯನ್ನೇ ಆರಿಸಿದ್ದರ ಅರ್ಥ ಹೋಯಿತು. ಗಾಡಿ ಎರಡು ಅಡಿ ಎತ್ತರಕ್ಕೇ ನಿಂತದ್ದೂ, ಗ್ರೈಂಡರು-ಕ್ಲಾಂಪುಗಳ ಭಾರ ಕೆಳಗಿನ ತಾಟಿಗೆ ಹೋದದ್ದೂ ಉರುಳಬಾರದೆಂದೇ.

ಖರ್ಚಿನ ಮಾತು ಹೇಳದಿದ್ದರೆ ನಮ್ಮ ಕಾಮರ್ಸಿನವರು ಬಿಡುವದಿಲ್ಲ. ಗುಜರಿ ದರ ದಿನಕ್ಕೊಂದು, ಅದನ್ನು ಬರೆದು ಉಪಯೋಗವಿಲ್ಲ. ಕಿಲೋ ಮೇಲೆ ಹೇಳಿದ್ದೇನೆ, ನಿಮ್ಮ ಊರಿನ ದರದಿಂದ ಗುಣಿಸಿಕೊಳ್ಳಿರಿ. ಕಬ್ಬಿಣ ಸೋವಿ ಬಿತ್ತು, ಗಾಲಿಗಳು ಹೊಸವಾದ್ದರಿಂದ ಅವೇ ತುಟ್ಟಿ. ಆದರೆ ಎರಡು ಗುರುವಾರದ ದುಡಿಮೆಗೆ ಕೂಲಿ ಹಿಡಿದರೆ ಪೇಟೆಯ ತಯಾರಿ ಟ್ರಾಲಿಗಿಂತ ಇದು ಅಗ್ಗವೆಂದು ನಾನು ಆಣೆ ಮಾಡಿ ಹೇಳಲಾರೆ. ವಹಿಯಲ್ಲಿ ಇದನ್ನು ಯಾವ ಖಾತೆಗೆ ಹಾಕಬೇಕೆಂದು ತಿಳಿಯದೆ ಮಾವನನ್ನು ಕೇಳಿದೆ. ‘ಹುಡುಗನ ಕಲಿಕೀಗೆ ಅಂತ ಬರಿ’ ಎಂದರು. ಅಂಥ ಖಾತೆ ನಮ್ಮ ಪಠ್ಯಪುಸ್ತಕದಲ್ಲಿಲ್ಲ. ಹೊಸ ಪುಟ ತೆರೆದು ಬರೆದಿದ್ದೇನೆ. ಈಗ ಸಣ್ಣಪುಟ್ಟ ಟ್ಯಾಕ್ ಕೆಲಸಕ್ಕೆ ಹೋಲ್ಡರು ಅವನ ಕೈಗೆ ಬರುತ್ತಿದೆ. ಪಗಾರದ ಸಾಲಿನಲ್ಲಿ ಮಾತ್ರ ಇನ್ನೂ ಹೆಲ್ಪರ್ ಎಂದೇ ಬರೆಯುತ್ತಿದ್ದೇನೆ, ದೀಪಾವಳಿಗೆ ನೋಡೋಣ ಎಂದಿದ್ದಾರೆ ಮಾವ.

ಕೊನೆಗೆ ಬಣ್ಣ. ಕಿಡಿಯ ಗುಳ್ಳೆಗಳನ್ನು ಉಳಿಯಿಂದ ಕೆತ್ತಿ ತೆಗೆದು, ಒಂದು ಕೈ ರೆಡ್ ಆಕ್ಸೈಡು, ಅದು ಒಣಗಿದ ಮೇಲೆ ಒಂದು ಕೈ ಎನಾಮಲ್. ಬೆಸುಗೆಯ ಗೆರೆಗಳನ್ನು ಗ್ರೈಂಡರಿನಿಂದ ನುಣ್ಣಗೆ ಮಾಡಿ ಮುಚ್ಚಬೇಡಿರಿ, ಬಿರುಕು ಬಿಟ್ಟರೆ ಕಾಣಬೇಕು. ಸೆಟ್ಟು ಏರಿಸುವ ಮುನ್ನ ಅದರ ಎರಡು ಪಟ್ಟು ಭಾರ ಇಟ್ಟು ಶೆಡ್ಡಿನ ತುಂಬ ಒಂದು ಸುತ್ತು ತಳ್ಳಿ ನೋಡುವದು. ನಾವು ಎರಡು ಹಳೆಯ ಗೇರು ಚಕ್ರಗಳನ್ನು ಇಟ್ಟು ತಳ್ಳಿದೆವು. ಒಂದು ವಾರ ನಡೆಸಿದ ಮೇಲೆ ಗಾಲಿಯ ಹದಿನಾರೂ ನಟ್ಟುಗಳನ್ನು ಮತ್ತೊಮ್ಮೆ ಬಿಗಿಮಾಡಬೇಕು. ಬಣ್ಣ ಒಣಗಿ ತೆಳುವಾಗುವದರಿಂದ ಅವು ಸಡಿಲಾಗುತ್ತವೆ.